ಬೇಟೆಯ ಬಾಡು ಮತ್ತು ಮನೆಯ ಒಲೆ: ಚಿಕ್ಕಬಳ್ಳಾಪುರ ಸೀಮೆಯ ಆಹಾರ ಚರಿತ್ರೆಯ ಒಂದು ಪುಟ

ಚಿಕ್ಕಬಳ್ಳಾಪುರ ಪಟ್ಟಣದ ಸ್ಥಾಪನೆಯನ್ನು ಕುರಿತ ಐತಿಹ್ಯದಲ್ಲಿ ಒಂದು ಮೊಲ ಬರುತ್ತದೆ. ಆವತಿ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡನ ಮಗ ಮರಿಗೌಡನು ಕೋಡಿಮಂಚನಹಳ್ಳಿಯ ಕಾಡಿನಲ್ಲಿ ಬೇಟೆಯಾಡುತ್ತಿದ್ದಾಗ ಮೊಲವೊಂದು ಬೆದರದೆ ಬೇಟೆನಾಯಿಗಳಿಗೆ ಇದಿರಾಗಿ ನಿಂತಿತೆಂದೂ, ಇದು ಗಂಡುಭೂಮಿಯೆಂದು ಬಗೆದ ಪ್ರಭುಗಳು ವಿಜಯನಗರದ ಅರಸರ ಅಪ್ಪಣೆ ಪಡೆದು ಅಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದರೆಂದೂ ಆ ಐತಿಹ್ಯ ಹೇಳುತ್ತದೆ. ಕಥೆಯ ಆಶಯ ಹೊಸದೇನಲ್ಲ. ವಿಜಯನಗರದ ಸ್ಥಾಪನೆಯನ್ನು ಕುರಿತು 16ನೆಯ ಶತಮಾನದ ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುವ ಕಥೆಯಲ್ಲೂ, ದೂರದ ಅಹಮದಾಬಾದಿನ ಐತಿಹ್ಯದಲ್ಲೂ ಇದೇ ಮೊಲ ಇದೇ ಬಗೆಯಲ್ಲಿ ನಾಯಿಗಳ ಮೇಲೆ ತಿರುಗಿ ಬೀಳುತ್ತದೆ. ಆದ್ದರಿಂದ ಇದನ್ನು ನಡೆದ ಘಟನೆಯೆಂದು ಸ್ವೀಕರಿಸಬೇಕಾಗಿಲ್ಲ. ಆದರೆ ಗಮನಿಸಬೇಕಾದ ಒಂದು ಸಂಗತಿಯುಂಟು. ಚರಿತ್ರೆಯೊಳಕ್ಕೆ ಪ್ರವೇಶ ಪಡೆದ ಈ ಮೊಲ, ಸಿಕ್ಕಿಬೀಳದೆ ಉಳಿದ ಮೊಲ. ಇದೇ ನೆಲದಲ್ಲಿ ಸಾವಿರಾರು ವರ್ಷಗಳ ಕಾಲ ಬಲೆಗೆ ಬಿದ್ದು, ಒಲೆಯ ಮೇಲೆ ಬೆಂದು, ಮಕ್ಕಳುಮರಿಗಳೊಡನೆ ಹಂಚಿ ಉಣ್ಣಲ್ಪಟ್ಟ ಮೊಲಗಳ ಬಗೆಗೆ ದಾಖಲೆಗಳು ಹೆಚ್ಚೇನೂ ಹೇಳುವುದಿಲ್ಲ.

ಬೇಟೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅರಸರ ಮೃಗಯಾವಿನೋದವನ್ನು, ವೀರರ ಬಲಿದಾನವನ್ನು, ಆಂಗ್ಲ ಅಧಿಕಾರಿಗಳ ಬಂದೂಕಿನ ಸಾಹಸವನ್ನು ಕುರಿತು ಬರೆದಿದ್ದಾರೆ. ಬೇಟೆಯಿಂದ ಮರಳಿದವನ ಹೆಗಲ ಮೇಲಿದ್ದ ಪ್ರಾಣಿ ಮನೆಯ ಅಂಗಳಕ್ಕೆ ಬಂದ ಮೇಲೆ ಏನಾಯಿತೆಂಬುದು ಈ ಬರಹಗಳ ಎಲ್ಲೆಯೊಳಗೆ ಬಂದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಸೀಮೆಯನ್ನು ಮುಂದಿಟ್ಟುಕೊಂಡು, ಶಾಸನ, ಸಾಹಿತ್ಯ, ಪ್ರವಾಸ ಕಥನ, ಭಾಷೆ ಮತ್ತು ಜನರ ನಡಾವಳಿಗಳ ನೆರವಿನಿಂದ ಆ ಒಳಗಿನ ಕಥೆಯನ್ನು ಎಷ್ಟರ ಮಟ್ಟಿಗೆ ಕಟ್ಟಿಕೊಳ್ಳಬಹುದೆಂದು ನೋಡುವುದು ಇಲ್ಲಿನ ಉದ್ದೇಶ.

2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಸೀಮೆ ಬಯಲುನಾಡು. ಆದರೆ ಬರಿಯ ಬಯಲಲ್ಲ. ನಂದಿಬೆಟ್ಟ, ಅದರ ಸುತ್ತಣ ಚನ್ನಗಿರಿ, ಬ್ರಹ್ಮಗಿರಿ, ದಿವ್ಯಗಿರಿ, ಸ್ಕಂದಗಿರಿಗಳ ಸಾಲು, ಚಿಂತಾಮಣಿಯ ಕಡೆಗೆ ಅಂಬಾಜಿದುರ್ಗ, ರಹಮಾನ್‌ಘಡ, ಕೈವಾರದ ಬೆಟ್ಟಗಳು, ಇವುಗಳ ನಡುನಡುವೆ ಹರಡಿದ ಕುರುಚಲು ಕಾಡು ಮತ್ತು ಹುಲ್ಲುಗಾವಲು, ಕಣಿವೆ ಕಣಿವೆಗೂ ಒಂದೊಂದು ಕೆರೆ: ಇದು ಇಲ್ಲಿನ ನೆಲದ ಲಕ್ಷಣ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿಗಳು ಈ ಬೆಟ್ಟಸಾಲಿನ ಆಸುಪಾಸಿನಲ್ಲಿ ಹುಟ್ಟಿದರೂ ವರ್ಷದ ಬಹುಭಾಗ ಅವುಗಳಲ್ಲಿ ನೀರಿರುವುದಿಲ್ಲ. ಮಲೆನಾಡಿನಂತೆ ಕಾಟಿ, ಕಡವೆಗಳ ದಟ್ಟ ಕಾಡು ಇದಲ್ಲ. ಇಲ್ಲಿನ ಬೇಟೆ ಹೆಚ್ಚಾಗಿ ಸಣ್ಣ ಬೇಟೆ: ಮೊಲ, ಕೌಜುಗ, ಬುರ್ಲಿಹಕ್ಕಿ, ಬೆಳವ, ಉಡ, ಮುಳ್ಳುಹಂದಿ. ದೊಡ್ಡದೆಂದರೆ ಕಾಡುಹಂದಿ ಮತ್ತು ಬಯಲಿನ ಕೃಷ್ಣಮೃಗ. ಗೌರಿಬಿದನೂರಿಗೆ ಸಮೀಪದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿದ್ದು, ಅದನ್ನು 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಒಂದು ಕಾಲಕ್ಕೆ ಈ ಸೀಮೆಯ ಬಯಲುಗಳು ಹೇಗಿದ್ದವೆಂಬುದಕ್ಕೆ ಆ ಹುಲ್ಲುಗಾವಲು ಉಳಿದಿರುವ ಒಂದು ತುಣುಕು.

ಬೇಟೆಯ ಊಟದ ಅತ್ಯಂತ ಹಳೆಯ ಸಾಕ್ಷ್ಯ ಬೂದಿಯಲ್ಲೂ ಮೂಳೆಯಲ್ಲೂ ಇದೆ. ಕರ್ನಾಟಕದ ನವಶಿಲಾಯುಗದ ನೆಲೆಗಳಾದ ತೆಕ್ಕಲಕೋಟೆ, ಹಳ್ಳೂರು ಮೊದಲಾದೆಡೆ ದೊರೆತ ಪ್ರಾಣಿಗಳ ಮೂಳೆಗಳನ್ನು ಪರಿಶೀಲಿಸಿದವರು ಪಶುವೈದ್ಯರಾಗಿದ್ದ ಕೆ. ಆರ್. ಆಲೂರರು. ಆ ಕಾಲದ ನೆಲೆಗಳಲ್ಲಿ ದನ, ಕುರಿ, ಆಡುಗಳ ಮೂಳೆಗಳದೇ ಮೇಲುಗೈ. ಬೇಟೆಯ ಪ್ರಾಣಿಗಳ ಮೂಳೆ ಕಡಿಮೆ ಪ್ರಮಾಣದಲ್ಲಿ ಅವುಗಳೊಡನೆ ಬೆರೆತಿರುತ್ತವೆ. ಎಂದರೆ ಸಾಕುಪ್ರಾಣಿಯ ಮಾಂಸ ಸುಲಭವಾಗಿ ದೊರೆಯುತ್ತಿದ್ದ ಕಾಲದಲ್ಲೂ ಬೇಟೆ ನಿಂತಿರಲಿಲ್ಲ. ಹಸಿವು ನೀಗಲೆಂದು ಮಾತ್ರ ಜನ ಬೇಟೆಯಾಡಿದರೆಂಬ ಸರಳ ವಿವರಣೆಗೆ ಈ ಮೂಳೆಗಳು ಅಡ್ಡ ಬರುತ್ತವೆ.

ಶಾಸನಗಳ ಕಾಲಕ್ಕೆ ಬಂದರೆ ಈ ಸೀಮೆಯಷ್ಟು ವೀರಗಲ್ಲುಗಳಿರುವ ಪ್ರದೇಶ ಕರ್ನಾಟಕದಲ್ಲಿ ವಿರಳ. ಗಂಗರು, ಬಾಣರು, ನೊಳಂಬರು, ವೈದುಂಬರು ಪರಸ್ಪರ ಕಾದಾಡಿದ ನೆಲವಾದ್ದರಿಂದ ಊರೂರಿನಲ್ಲಿ ಕಲ್ಲು ನಿಂತಿದೆ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಈ ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡಿದೆ. ಆರ್. ಶೇಷಶಾಸ್ತ್ರಿಯವರು ಕರ್ನಾಟಕದ ವೀರಗಲ್ಲುಗಳನ್ನು ಕುರಿತ ತಮ್ಮ ಅಧ್ಯಯನದಲ್ಲಿಯೂ, ಎಂ. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿಯೂ ತುರುಗೊಳ್, ಊರಳಿವು, ಪೆಣ್ಬುಯ್ಯಲ್‌ಗಳಲ್ಲಿ ಮಡಿದವರಷ್ಟೇ ಅಲ್ಲದೆ ಹುಲಿ, ಹಂದಿಗಳೊಡನೆ ಹೋರಾಡಿ ಸತ್ತವರಿಗೂ ಕಲ್ಲು ನಿಲ್ಲಿಸಿದ ಸಂಗತಿಯತ್ತ ಗಮನ ಸೆಳೆದಿದ್ದಾರೆ. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರಿನಲ್ಲಿ ಭೂಮಿ ದೊರೆಯುತ್ತಿತ್ತು. ಹಂದಿಯನ್ನು ಇರಿದು ಸತ್ತವನೂ ಕಲ್ಲಿನ ಗೌರವಕ್ಕೆ ಅರ್ಹನಾಗಿದ್ದನೆಂದರೆ ಬೇಟೆ ಕೇವಲ ವಿನೋದವಾಗಿರದೆ ಹೊಲದ ಬೆಳೆಯನ್ನೂ ಊರಿನ ಜನರನ್ನೂ ಕಾಯುವ ಕೆಲಸವಾಗಿತ್ತೆಂದು ತಿಳಿಯಬೇಕಾಗುತ್ತದೆ.

ಈ ಪ್ರಸಂಗದಲ್ಲಿ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನವನ್ನು ನೆನೆಯದೆ ಮುಂದುವರಿಯುವಂತಿಲ್ಲ. ಕ್ರಿ.ಶ. 949-50ರ ಈ ಶಾಸನ ತಕ್ಕೋಲದ ಕಾಳಗಕ್ಕಾಗಿ ಪ್ರಸಿದ್ಧವಾಗಿದ್ದರೂ ಅದರಲ್ಲಿ ಕಾಳಿ ಎಂಬ ನಾಯಿಯ ಕಥೆಯಿದೆ. ಗಂಗ ಬೂತುಗನಿಂದ ಮಣಲೆರನು ಮೆಚ್ಚುಗೆಯಾಗಿ ಬೇಡಿ ಪಡೆದ ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿತು. ನಾಯಿ ಹಂದಿಗಳೆರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂಬ ಅರ್ಥದ ಮಾತು ಶಾಸನದಲ್ಲಿದೆ. ನಾಯಿಗೆ ಪೂಜೆ ಸಂದಿತು, ಗೊರವನ ಊಟಕ್ಕೆ ನಿಯಮ ಬಂದಿತು. ಸತ್ತ ಹಂದಿ ಯಾರ ಮನೆಯಲ್ಲಿ ಬೆಂದಿತೆಂಬುದನ್ನು ಮಾತ್ರ ಶಾಸನ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಅದಕ್ಕಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ವಿಷಯವನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ.

ಹಾಗಾದರೆ ಪಾಕಶಾಸ್ತ್ರದ ಗ್ರಂಥಗಳು ಹೇಳುತ್ತವೆಯೇ? ಕನ್ನಡದಲ್ಲಿ ಅಡುಗೆಯನ್ನು ಕುರಿತ ಬರಹಕ್ಕೆ ದೀರ್ಘ ಪರಂಪರೆಯಿದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನು ರಚಿಸಿದ. ಎರಡು ಗ್ರಂಥಗಳಲ್ಲೂ ಮಾಂಸದ ಸುಳಿವಿಲ್ಲ. ಬದನೆಯನ್ನು ಎಷ್ಟು ಬಗೆಯಲ್ಲಿ ಬೇಯಿಸಬಹುದೆಂಬುದು ನಮಗೆ ತಿಳಿದಿದೆ, ಮೊಲವನ್ನು ಕನ್ನಡಿಗರು ಹೇಗೆ ಬೇಯಿಸಿದರೆಂಬುದು ಕನ್ನಡದ ಯಾವ ಹಳೆಯ ಪಾಕಗ್ರಂಥದಿಂದಲೂ ತಿಳಿಯುವಂತಿಲ್ಲ. ಬರೆದವರ ಮನೆಯಲ್ಲಿ ಬೇಯದಿದ್ದದ್ದು ಬರಹದಲ್ಲಿಯೂ ಬೇಯಲಿಲ್ಲ. ಇಂದಿಗೂ ನಾಡಿನ ಆಹಾರ ಪರಂಪರೆಯೆಂದೊಡನೆ ಈ ಗ್ರಂಥಗಳನ್ನಷ್ಟೇ ಆಧಾರವಾಗಿ ಮುಂದಿಡುವ ಪ್ರವೃತ್ತಿ ಇದೆ. ಅದು ನಾಡಿನ ಬಹುಪಾಲು ಜನರ ಊಟವನ್ನು ಲೆಕ್ಕದಿಂದ ಹೊರಗಿಟ್ಟಂತೆ.

ಈ ಕೊರತೆಯನ್ನು ತುಂಬುವುದು ಸಂಸ್ಕೃತದಲ್ಲಿ ರಚಿತವಾದ, ಆದರೆ ಕನ್ನಡನಾಡಿನ ಅರಮನೆಯಲ್ಲೇ ಹುಟ್ಟಿದ ಮಾನಸೋಲ್ಲಾಸ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1129ರ ಸುಮಾರಿನಲ್ಲಿ ಸಿದ್ಧಪಡಿಸಿದ ಈ ಗ್ರಂಥದ ವಿನೋದ ವಿಂಶತಿಯಲ್ಲಿ ಬೇಟೆಯ ಬಗೆಗಳೂ, ಅನ್ನಭೋಗದಲ್ಲಿ ಮಾಂಸದ ಅಡುಗೆಯೂ ವಿವರವಾಗಿ ಬಂದಿವೆ. ಹಂದಿಯ ಮೈಮೇಲಿನ ಕೂದಲನ್ನು ತೆಗೆಯಲು ಎರಡು ಕ್ರಮಗಳನ್ನು ಅಲ್ಲಿ ಹೇಳಿದೆ. ಬಿಳಿಯ ಬಟ್ಟೆ ಹೊದಿಸಿ ಕುದಿಯುವ ನೀರನ್ನು ಸುರಿದು ಕೂದಲನ್ನು ಸಡಿಲಗೊಳಿಸುವುದು ಒಂದು. ಹುಲ್ಲಿನ ಬೆಂಕಿಯಲ್ಲಿ ಸುಡುವುದು ಇನ್ನೊಂದು. ಹೊಲಗದ್ದೆಯ ಇಲಿಯನ್ನು ಹುರಿಯುವ ವಿಧಾನವೂ ಅರಸನ ಈ ಪುಸ್ತಕದಲ್ಲಿದೆ. ಇಲ್ಲಿ ಎರಡು ಅಂಶಗಳು ಮುಖ್ಯ. ಹುಲ್ಲಿನ ಬೆಂಕಿಯ ಕ್ರಮ ಇಂದಿಗೂ ಹಳ್ಳಿಗಳಲ್ಲಿ ಹಂದಿಯನ್ನು ಹಸನು ಮಾಡುವ ಕ್ರಮವೇ ಆಗಿದೆ. ಎರಡನೆಯದಾಗಿ, ಇಲಿಯಂಥ ಬಡವರ ಬೇಟೆಯನ್ನೂ ಅರಮನೆಯ ಅಡುಗೆಯಿಂದ ಹೊರಗಿಟ್ಟಿರಲಿಲ್ಲ. ನಾಲ್ಕು ಶತಮಾನಗಳ ಬಳಿಕ ನೂನಿಜ್, ವಿಜಯನಗರದ ಅರಸರು ದನದ ಮಾಂಸವೊಂದನ್ನು ಬಿಟ್ಟು ಕುರಿ, ಹಂದಿ, ಜಿಂಕೆ, ಕೌಜುಗ, ಮೊಲ, ಪಾರಿವಾಳ, ಬುರ್ಲಿಗಳನ್ನೂ, ಗುಬ್ಬಿ, ಇಲಿ, ಬೆಕ್ಕು, ಹಲ್ಲಿಗಳ ಜಾತಿಯನ್ನೂ ತಿನ್ನುತ್ತಿದ್ದರೆಂದೂ, ಇವೆಲ್ಲ ಪಟ್ಟಣದ ಸಂತೆಯಲ್ಲಿ ಮಾರಾಟಕ್ಕಿದ್ದವೆಂದೂ ಬರೆದಿದ್ದಾನೆ. ಬೇಟೆಯ ಪ್ರಾಣಿಗಳನ್ನು ಜೀವಂತವಾಗಿಯೇ ಮಾರಬೇಕೆಂಬ ನಿಯಮವಿತ್ತೆಂದೂ, ಕೊಳ್ಳುವವನು ತಾನು ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿಯಲೆಂದು ಹೀಗೆ ಮಾಡಿತ್ತೆಂದೂ ಅವನು ಹೇಳುವುದು ಕುತೂಹಲಕರ. ನೂನಿಜನ ಪಟ್ಟಿಯಲ್ಲಿ ಪರದೇಶಿಯ ಬೆರಗು ಕೊಂಚ ಬೆರೆತಿರಬಹುದು. ಆದರೂ ಮಾನಸೋಲ್ಲಾಸದ ಜೊತೆಗಿಟ್ಟು ನೋಡಿದಾಗ ಅದು ನಂಬಲಾಗದ್ದೇನೂ ಅಲ್ಲ.

ಸಾಹಿತ್ಯದಲ್ಲಿ ಬೇಟೆಯ ಅಡುಗೆಗೆ ದೊರೆತ ಅತಿ ದೊಡ್ಡ ಗೌರವ ಕಣ್ಣಪ್ಪನ ಕಥೆಯದು. ಈ ಸೀಮೆಯ ಪೂರ್ವಕ್ಕಿರುವ ಶ್ರೀಕಾಳಹಸ್ತಿಯೇ ಆ ಕಥೆಯ ನೆಲೆ. ಹರಿಹರನು ಅದನ್ನು ರಗಳೆಯಲ್ಲಿ ಕನ್ನಡಕ್ಕೆ ತಂದನು. ಬೇಡನು ತಾನು ಬೇಟೆಯಾಡಿ ತಂದ ಮಾಂಸವನ್ನು ಸುಟ್ಟು, ಬಾಯಲ್ಲಿಟ್ಟು ರುಚಿ ನೋಡಿ, ಹದವಾದ ತುಣುಕುಗಳನ್ನೇ ಆರಿಸಿ ಶಿವನಿಗೆ ಒಪ್ಪಿಸುತ್ತಾನೆ. ಶಾಸ್ತ್ರದ ದೃಷ್ಟಿಯಲ್ಲಿ ಇದು ಎಂಜಲು. ಮನೆಯ ಒಲೆಯ ದೃಷ್ಟಿಯಲ್ಲಿ ನೋಡಿದರೆ ಮಗುವಿಗೆ ಉಣಿಸುವ ತಾಯಿ ದಿನವೂ ಮಾಡುವ ಕೆಲಸ ಇದು. ಬೇಡರ ಮನೆಯ ಊಟದ ರೀತಿಯನ್ನು ಭಕ್ತಿಯ ಪರಮಾವಧಿಯಾಗಿ ಎತ್ತಿ ಹಿಡಿದ ಈ ಕಥೆ, ಬೇಡ ಸಮುದಾಯದ ನೆಲೆಗಳು ಹೆಚ್ಚಾಗಿರುವ ಕನ್ನಡ ತೆಲುಗು ಗಡಿನಾಡಿನಲ್ಲಿ ಜನಪ್ರಿಯವಾದುದು ಸಹಜವೇ ಆಗಿದೆ.

ಶಬ್ದಗಳೂ ಸಾಕ್ಷಿ ನುಡಿಯುತ್ತವೆ. ಹಳಗನ್ನಡದ ಬೇಂಟೆ ಇಂದಿನ ಬೇಟೆ. ಒಂಟಿ ಹಂದಿಗೆ ಎಕ್ಕಲ, ಜಿಂಕೆಗೆ ಪುಲ್ಲೆ, ಎರಲೆ ಎಂಬ ಹೆಸರುಗಳಿದ್ದವು. ಪೊದೆಗಳಿಂದ ಪ್ರಾಣಿಗಳನ್ನು ಎಬ್ಬಿಸಿ ಬಲೆಯತ್ತ ಅಟ್ಟುವುದಕ್ಕೆ ಸೋವು ಎಂಬ ಧಾತುವಿತ್ತು. ಮಾಂಸಕ್ಕೆ ಅಡಗು ಎಂಬ ಹಳೆಯ ಶಬ್ದ ಬಳಕೆಯಿಂದ ಮರೆಯಾಗಿ, ಬಾಡು ಎಂಬುದು ಹಳೆಯ ಮೈಸೂರು ಸೀಮೆಯಲ್ಲಿ ನಿಂತಿತು. ಬಾಡೂಟ ಎಂಬ ಸಮಾಸವನ್ನು ಕೇಳಿದೊಡನೆ ನೆಂಟರಿಷ್ಟರ ಪಂಕ್ತಿ ಕಣ್ಣಿಗೆ ಕಟ್ಟುವುದೇ ಹೊರತು ಒಬ್ಬನೇ ಕುಳಿತು ಉಣ್ಣುವ ಚಿತ್ರ ಬರುವುದಿಲ್ಲ. ಚಿಂತಾಮಣಿ, ಗೌರಿಬಿದನೂರುಗಳ ಅನೇಕ ಮನೆಗಳಲ್ಲಿ ಆಡುಮಾತು ತೆಲುಗು. ಆ ಭಾಷೆಯಲ್ಲಿ ಬೇಟೆಗೆ ವೇಟ ಎನ್ನುತ್ತಾರೆ. ಆಂಧ್ರದಲ್ಲಿ ವೇಟಮಾಂಸವೆಂದರೆ ಇಂದು ಕಾಡುಪ್ರಾಣಿಯ ಮಾಂಸವಲ್ಲ, ಅಂಗಡಿಯಲ್ಲಿ ತೂಗಿ ಕೊಡುವ ಆಡು ಕುರಿಗಳ ಮಾಂಸ. ಕಾಡಿನಿಂದ ಕಸಾಯಿ ಅಂಗಡಿಯವರೆಗೆ ಒಂದು ಸಮಾಜ ನಡೆದು ಬಂದ ದಾರಿ ಈ ಒಂದು ಶಬ್ದದಲ್ಲಿ ಅಡಕವಾಗಿದೆ.

ವಿಜಯನಗರದ ಪತನಾನಂತರ ಈ ಸೀಮೆ ಪಾಳೆಯಗಾರರ ಕೈಯಲ್ಲಿತ್ತು. ಚಿಕ್ಕಬಳ್ಳಾಪುರದಲ್ಲಿ ಮೊರಸು ಒಕ್ಕಲಿನ ಆವತಿ ಮನೆತನ, ಬಾಗೇಪಲ್ಲಿಯ ಕಡೆ ಗುಮ್ಮನಾಯಕನಪಾಳ್ಯದ ನಾಯಕರು ಆಳುತ್ತಿದ್ದರು. ಬೇಡ ಪಡೆಗಳು ಇವರ ಬಲವಾಗಿದ್ದವು. ಯುದ್ಧವಿಲ್ಲದ ದಿನಗಳಲ್ಲಿ ಬೇಟೆಯೇ ಆ ಪಡೆಗಳ ಕಸರತ್ತು. 1762ರ ಸುಮಾರಿಗೆ ಹೈದರಾಲಿ ಚಿಕ್ಕಬಳ್ಳಾಪುರವನ್ನು ವಶಪಡಿಸಿಕೊಂಡನು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹಿಡಿಯಿತು. ಟಿಪ್ಪುವಿನ ಪತನದ ಮರುವರ್ಷವೇ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಭಾಗದಲ್ಲಿಯೂ ಸಂಚರಿಸಿದನು. ವೈದ್ಯನೂ ಸಸ್ಯವಿಜ್ಞಾನಿಯೂ ಆಗಿದ್ದ ಅವನು ಪ್ರತಿಯೊಂದು ಸಮುದಾಯದವರನ್ನೂ ಕರೆದು ಅವರು ಯಾವ ಮಾಂಸವನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದೆಂದು ವಿಚಾರಿಸಿ ಬರೆದುಕೊಂಡನು. ಒಂದು ಶತಮಾನದ ನಂತರ ಎಚ್. ವಿ. ನಂಜುಂಡಯ್ಯನವರ ಮೇಲ್ವಿಚಾರಣೆಯಲ್ಲಿ ನಡೆದ ಮೈಸೂರಿನ ಜನಾಂಗ ಸಮೀಕ್ಷೆಯೂ ಇದೇ ಜಾಡಿನಲ್ಲಿ ಸಾಗಿತು. ಇವೆರಡೂ ಅಮೂಲ್ಯ ಆಕರಗಳು. ಆದರೆ ಇವು ಕೇಳಿದ್ದು ಯಾರು ಏನನ್ನು ತಿನ್ನುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ. ಜಾತಿಯ ಸ್ಥಾನಮಾನವನ್ನು ಅಳೆಯುವುದಕ್ಕೆ ಆ ಪ್ರಶ್ನೆ ಸಾಕು. ಹೇಗೆ ಬೇಯಿಸುತ್ತಾರೆ, ಯಾರಿಗೆ ಮೊದಲು ಬಡಿಸುತ್ತಾರೆ ಎಂಬುದು ಆ ಅಧಿಕಾರಿಗಳಿಗೆ ಬೇಕಾಗಿರಲಿಲ್ಲ.

ಆ ಪ್ರಶ್ನೆಗಳಿಗೆ ಉತ್ತರ ಸಿಕ್ಕುವುದು ಊರಿನ ನಡಾವಳಿಯಲ್ಲಿ. ಬಯಲುಸೀಮೆಯ ಬೇಟೆ ಒಬ್ಬನ ಕೆಲಸವಾಗಿರಲಿಲ್ಲ. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ, ಸಂಕ್ರಾಂತಿಯಿಂದ ಯುಗಾದಿಯ ಆಸುಪಾಸಿನವರೆಗಿನ ಬಿಡುವಿನ ದಿನಗಳು ಅದಕ್ಕೆ ಹೇಳಿ ಮಾಡಿಸಿದ ಕಾಲ. ಹಲವರು ಒಂದುಗೂಡಿ ನಾಯಿ, ಬಲೆ, ದೊಣ್ಣೆಗಳೊಡನೆ ಹೊರಡುತ್ತಿದ್ದರು. ಕೆಲವರು ಪೊದೆಗಳ ಒಂದು ಮಗ್ಗುಲಲ್ಲಿ ಬಲೆ ಕಟ್ಟಿ ಅಡಗಿ ಕುಳಿತರೆ ಉಳಿದವರು ಇನ್ನೊಂದು ಮಗ್ಗುಲಿನಿಂದ ಕೂಗುತ್ತ ಸೋವಿಕೊಂಡು ಬರುತ್ತಿದ್ದರು. ಕೌಜುಗ, ಬುರ್ಲಿಗಳಿಗೆ ಉರುಲು. ಪರವಾನಗಿಯ ಬಂದೂಕು ಊರಿಗೆ ಒಂದೋ ಎರಡೋ ಇದ್ದರೆ ಹೆಚ್ಚು, ಅದೂ ಪಟೇಲರಂಥವರ ಮನೆಯಲ್ಲಿ. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನದ ಹೊಸತೊಡಕಿಗೆ ಬೇಟೆಗೆ ಹೋಗುವ ವಾಡಿಕೆ ಬೆಳೆದುದು ಇದೇ ಹಿನ್ನೆಲೆಯಲ್ಲಿ. ವರ್ಷದ ಮೊದಲ ದಿನ ಬೇವುಬೆಲ್ಲ ಮತ್ತು ಹೋಳಿಗೆ, ಎರಡನೆಯ ದಿನ ಬಾಡು. ಹೊಸತೊಡಕಿನಂದು ದೊರೆತದ್ದು ವರ್ಷವಿಡೀ ದೊರೆಯುತ್ತದೆಂಬ ನಂಬಿಕೆಯೂ ಅದರೊಡನೆ ಸೇರಿಕೊಂಡಿತು. ದೇವರುಗಳೂ ಬೇಟೆಗೆ ಹೊರಡುತ್ತಿದ್ದರು. ತಿರುಮಲೆಯಲ್ಲಿ ಸಂಕ್ರಾಂತಿಯ ಮರುದಿನವೂ, ಅಹೋಬಿಲದಲ್ಲಿ ಅದೇ ಋತುವಿನಲ್ಲೂ ನಡೆಯುವ ಪಾರುವೇಟ ಉತ್ಸವದಲ್ಲಿ ಸ್ವಾಮಿಯ ಉತ್ಸವಮೂರ್ತಿ ಬೇಟೆಗಾರನ ವೇಷದಲ್ಲಿ ಹೊರಬರುತ್ತದೆ. ತೆಲುಗು ಪ್ರಭಾವ ಗಾಢವಾಗಿರುವ ಈ ಸೀಮೆಗೆ ಈ ಕಲ್ಪನೆ ಅಪರಿಚಿತವಲ್ಲ.

ಬೇಟೆ ಮುಗಿದ ಕೂಡಲೆ ಬರುತ್ತಿದ್ದದ್ದು ಪಾಲಿನ ಪ್ರಶ್ನೆ. ಇಲ್ಲಿಯೇ ಬೇಟೆಯು ಕುಟುಂಬದ ವ್ಯವಹಾರವಾಗುತ್ತದೆ. ಹಸನು ಮಾಡಿದ ಮಾಂಸವನ್ನು ಮುತ್ತುಗದ ಎಲೆಗಳ ಮೇಲೋ ಸೊಪ್ಪಿನ ಮೇಲೋ ಗುಡ್ಡೆಗಳಾಗಿ ಇಡುವುದು ಪದ್ಧತಿ. ಗುಡ್ಡೆ ಎಂಬುದು ಇಲ್ಲಿ ಅಳತೆಯ ಹೆಸರು. ತಕ್ಕಡಿ ಇಲ್ಲ. ಮೂಳೆ, ಮೆತ್ತನೆಯ ಖಂಡ, ಈಲಿ, ಕರುಳು ಎಲ್ಲವೂ ಒಂದೊಂದು ಗುಡ್ಡೆಗೂ ಸಮನಾಗಿ ಬೀಳಬೇಕು. ಹಂಚುವವನು ತನ್ನ ಗುಡ್ಡೆಯನ್ನು ಕೊನೆಗೆ ಎತ್ತಿಕೊಳ್ಳುವುದು ನ್ಯಾಯ. ಮೊದಲ ಪೆಟ್ಟು ಹಾಕಿದವನಿಗೆ ತಲೆಯೋ ತೊಡೆಯೋ ಹೆಚ್ಚಿನ ಪಾಲು, ನಾಯಿಯ ಒಡೆಯನಿಗೆ ನಾಯಿಯ ಲೆಕ್ಕದಲ್ಲಿ ಒಂದು ಪಾಲು, ಬಲೆ ಕೊಟ್ಟವನಿಗೆ ಒಂದು, ಸೋವಿದವರಿಗೆ ಸಮಪಾಲು. ವಿವರಗಳು ಊರಿಂದೂರಿಗೆ ಬದಲಾದರೂ ತತ್ತ್ವ ಒಂದೇ. ಕೊಡಗಿನಲ್ಲಿಯೂ ಗುಂಡು ಹೊಡೆದವನಿಗೂ ನಾಯಿಗಳಿಗೂ ಪಾಲನ್ನು ಗೊತ್ತುಪಡಿಸುವ ಇಂಥದೇ ಕ್ರಮವಿತ್ತು. ಕಾಲು ಕುಂಟಿಯೋ ವಯಸ್ಸಾಗಿಯೋ ಬೇಟೆಗೆ ಬರಲಾಗದವನ ಮನೆಗೂ ಒಂದು ಎಲೆಯ ಕಟ್ಟು ಹೋಗುತ್ತಿತ್ತು. ಒಂದು ಮೊಲ ಹತ್ತು ಮನೆಗೆ ಹಂಚಿಹೋದಾಗ ಒಂದೊಂದು ಮನೆಗೆ ಸಿಕ್ಕುವುದು ನಾಲ್ಕು ತುಣುಕು. ಹೊಟ್ಟೆ ತುಂ‍ಬಿಸುವುದು ಆ ನಾಲ್ಕು ತುಣುಕಲ್ಲ, ಅವುಗಳಿಂದಾದ ಸಾರು.

ಆದ್ದರಿಂದಲೇ ಈ ಸೀಮೆಯ ಬೇಟೆಯ ಅಡುಗೆಯಲ್ಲಿ ಸಾರಿಗೆ ಪ್ರಧಾನಸ್ಥಾನ. ಮೊಲದ ಮಾಂಸದಲ್ಲಿ ನೆಣವಿಲ್ಲ. ಬೇಗ ಬಿರುಸಾಗುವ ಆ ಮಾಂಸವನ್ನು ಅರಿಸಿನ, ಉಪ್ಪು ಹಾಕಿ ಮಡಕೆಯಲ್ಲಿ ಸಣ್ಣ ಉರಿಯ ಮೇಲೆ ಹೊತ್ತು ಹೋಗುವವರೆಗೆ ಬೇಯಿಸಬೇಕು. ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಸುಟ್ಟ ಈರುಳ್ಳಿ, ಚಕ್ಕೆ ಲವಂಗ, ಅನುಕೂಲವಿದ್ದವರ ಮನೆಯಲ್ಲಿ ಗಸಗಸೆ ಮತ್ತು ಕೊಬ್ಬರಿ, ಇವನ್ನು ಒರಳುಕಲ್ಲಿನಲ್ಲಿ ನುಣ್ಣಗೆ ಅರೆದು ಸೇರಿಸಿದರೆ ಸಾರು ಗಟ್ಟಿಯಾಗುತ್ತದೆ. ಜೊತೆಗೆ ರಾಗಿ ಮುದ್ದೆ. ಮುದ್ದೆಯನ್ನು ಮುರಿದು ಸಾರಿನಲ್ಲಿ ಹೊರಳಿಸಿ ನುಂಗುವುದಾದ್ದರಿಂದ ತುಣುಕು ಕಡಿಮೆಯಾದರೂ ಊಟ ಕಡಿಮೆಯಾಗುವುದಿಲ್ಲ. ಕಾಡುಹಂದಿಯ ಕ್ರಮವೇ ಬೇರೆ. ಕೂದಲನ್ನು ಹುಲ್ಲಿನ ಬೆಂಕಿಯಲ್ಲಿ ಸುಟ್ಟು, ಚರ್ಮವನ್ನು ಕತ್ತಿಯಿಂದ ಹೆರೆದು ತೊಳೆದು, ಚರ್ಮ ಸಮೇತ ತುಂಡರಿಸಿ ಅದರ ನೆಣದಲ್ಲಿಯೇ ಹುರಿಯುತ್ತಾರೆ, ಎಣ್ಣೆ ಬೇಡ. ಕೌಜುಗ, ಬುರ್ಲಿಗಳನ್ನು ಪುಕ್ಕ ತರಿದು, ಉರಿಯಲ್ಲಿ ಹಿಡಿದು ಉಳಿದ ನವಿರನ್ನು ಸುಟ್ಟು, ಉಪ್ಪು ಖಾರ ಸವರಿ ಕೆಂಡದ ಮೇಲಿಡುವುದು. ಇದು ಬಹುಮಟ್ಟಿಗೆ ಮಕ್ಕಳ ಪಾಲು. ದೊಡ್ಡ ಬೇಟೆ ಸಿಕ್ಕಿದಾಗ ಮಿಕ್ಕ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು ಅರಿಸಿನ ಹಚ್ಚಿ, ಬಿಸಿಲಿನಲ್ಲಿ ಒಣಗಿಸಿ ಉಪ್ಪುಕಂಡ ಮಾಡಿ ಮಳೆಗಾಲಕ್ಕೆ ತೆಗೆದಿಡುತ್ತಿದ್ದರು. ಹುರುಳಿ ಸಾರಿಗೆ ಎರಡು ತುಂಡು ಉಪ್ಪುಕಂಡ ಬಿದ್ದರೆ ಅಂದು ವಿಶೇಷದ ಊಟ.

ಈ ಅಡುಗೆಯನ್ನು ತೀರಾ ಪುರಾತನವೆಂದು ಭಾವಿಸುವುದು ತಪ್ಪಾದೀತು. ಮೆಣಸಿನಕಾಯಿ ಪೋರ್ಚುಗೀಸರ ಮೂಲಕ ಅಮೆರಿಕದಿಂದ ಬಂದದ್ದು, 16ನೆಯ ಶತಮಾನಕ್ಕೆ ಮೊದಲು ಈ ದೇಶದಲ್ಲಿರಲಿಲ್ಲ. ಆತಕೂರಿನ ಹಂದಿ ಬೆಂದಿದ್ದರೆ ಕರಿಮೆಣಸಿನ ಖಾರದಲ್ಲಿ ಬೆಂದಿರಬೇಕು. ಹಾಗೆಯೇ ಹಗುರ ಮಾಂಸ, ಜಡ ಮಾಂಸವೆಂಬ ವಿಂಗಡಣೆ ಹಳ್ಳಿಯ ಹೆಂಗಸರ ಅನುಭವದಷ್ಟೇ ಆಯುರ್ವೇದದ ಶಾಸ್ತ್ರವೂ ಆಗಿದೆ. ಚರಕ ಸುಶ್ರುತರು ಜಿಂಕೆ, ಮೊಲ, ಲಾವಕ, ತಿತ್ತಿರಿಗಳನ್ನು ಒಣನೆಲದ ಜಾಂಗಲ ವರ್ಗಕ್ಕೆ ಸೇರಿಸಿ ಅವುಗಳ ಮಾಂಸ ಜೀರ್ಣಕ್ಕೆ ಹಗುರವೆಂದೂ, ಹಂದಿಯನ್ನು ಆನೂಪ ವರ್ಗದಲ್ಲಿಟ್ಟು ಅದು ಗುರುವೆಂದೂ ಹೇಳಿದ್ದಾರೆ. ಬಯಲುಸೀಮೆಯ ಬೇಟೆಯೆಲ್ಲ ಹೆಚ್ಚುಕಡಿಮೆ ಜಾಂಗಲವೇ.

ಒಲೆಯ ಸುತ್ತಲೂ ಕಟ್ಟುಪಾಡುಗಳಿದ್ದವು. ಮನೆದೇವರ ವಾರ ಬಾಡು ಕೂಡದು, ಶ್ರಾವಣದಲ್ಲಿ ಕೂಡದು. ಬೇಟೆಯ ಮಾಂಸವನ್ನು ಒಳಮನೆಯ ಒಲೆಗೆ ಏರಿಸದೆ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಬೇರೆ ಮಡಕೆಯಲ್ಲಿ ಬೇಯಿಸುವ ಮನೆಗಳುಂಟು. ಹೊಲದಲ್ಲೋ ಬೆಟ್ಟದ ತಪ್ಪಲಲ್ಲೋ ಬೇಯಿಸುವಾಗ ಸೌಟು ಗಂಡಸರ ಕೈಯಲ್ಲಿರುತ್ತಿತ್ತು, ಮನೆಗೆ ಬಂದರೆ ಹೆಂಗಸರ ಕೈಗೆ. ಬೇಟೆಯ ಕಥೆಯನ್ನು ಹೇಳುವವರು ಗಂಡಸರೇ ಆದ್ದರಿಂದ ಅರೆದು ಬೇಯಿಸಿದವರ ಹೆಸರು ಆ ಕಥೆಗಳಲ್ಲೂ ಬರುವುದಿಲ್ಲ. ಮಲೆನಾಡಿನ ಬೇಟೆಯಾದರೂ ಕುವೆಂಪು ಅವರ ಕಾನೂರು ಹೆಗ್ಗಡಿತಿಯಂಥ ಕಾದಂಬರಿಯ ಮೂಲಕ ಸಾಹಿತ್ಯಕ್ಕೆ ಬಂತು. ಬಯಲುಸೀಮೆಯ ಮೊಲದ ಸಾರಿಗೆ ಆ ಭಾಗ್ಯ ಅಷ್ಟಾಗಿ ಒದಗಲಿಲ್ಲ.

ಬರಗಾಲದಲ್ಲಿ ಈ ಊಟದ ಅರ್ಥವೇ ಬೇರೆಯಾಗುತ್ತಿತ್ತು. 1876-78ರ ಮಹಾಕ್ಷಾಮದಲ್ಲಿ ಕೋಲಾರ ಜಿಲ್ಲೆ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. 1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 41,86,188ಕ್ಕೆ ಇಳಿದಿತ್ತು. ದನಕರುಗಳು ಸತ್ತು, ಕಣಜ ಬರಿದಾದಾಗ ಕಾಡಿನ ಗೆಡ್ಡೆ, ಸೊಪ್ಪು, ಸಣ್ಣ ಪ್ರಾಣಿ ಕೊನೆಯ ಆಸರೆ. ಆದರೆ ಬರವು ಕಾಡನ್ನೂ ಬಿಡುವುದಿಲ್ಲವಾದ್ದರಿಂದ ಆ ಆಸರೆಯೂ ಬಹಳ ದಿನ ನಿಲ್ಲುವಂಥದಾಗಿರಲಿಲ್ಲ.

ಕ್ಷಾಮದ ಮುಂದಿನ ತಲೆಮಾರಿನಲ್ಲಿ ಕಾನೂನು ಬಂತು. ಮೈಸೂರು ಸರ್ಕಾರ 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ನಿಬಂಧನೆಯನ್ನು ಹೊರಡಿಸಿತು. ಸ್ವಾತಂತ್ರ್ಯಾನಂತರ 1963ರ ಮೈಸೂರು ವನ್ಯಪ್ರಾಣಿ ಮತ್ತು ವನ್ಯಪಕ್ಷಿ ರಕ್ಷಣಾ ಕಾಯಿದೆ, ಬಳಿಕ ಇಡೀ ದೇಶಕ್ಕೆ ಅನ್ವಯಿಸುವ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದವು. 1991ರ ತಿದ್ದುಪಡಿಯೊಂದಿಗೆ ಪರವಾನಗಿ ಪಡೆದು ಬೇಟೆಯಾಡುವ ಅವಕಾಶವೂ ಬಹುಮಟ್ಟಿಗೆ ಕೊನೆಗೊಂಡಿತು. 2022ರ ತಿದ್ದುಪಡಿ ಸಾಮಾನ್ಯ ಅಪರಾಧಗಳ ದಂಡದ ಮಿತಿಯನ್ನು 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿಸಿತು. ಈ ಕಾಯಿದೆಯ 39ನೆಯ ಪ್ರಕರಣ ಆಹಾರ ಚರಿತ್ರೆಯ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹ. ಬೇಟೆಯಾಡಿದ ವನ್ಯಪ್ರಾಣಿಯೂ ಅದರಿಂದ ಪಡೆದ ಮಾಂಸವೂ ಸರ್ಕಾರದ ಸ್ವತ್ತೆಂದು ಅದು ಸಾರುತ್ತದೆ. ಗುಡ್ಡೆಗಳಾಗಿ ಹಂಚುವ ನ್ಯಾಯಕ್ಕೆ ಇಲ್ಲಿ ಎಡೆಯಿಲ್ಲ. ಮಡಕೆಯಲ್ಲಿರುವುದು ಊರಿನ ಪಾಲೂ ಅಲ್ಲ, ಮನೆಯ ಪಾಲೂ ಅಲ್ಲ.

ಕಾನೂನು ಬಾರದಿದ್ದರೆ ಈ ಊಟ ಉಳಿಯುತ್ತಿತ್ತೆಂದು ಹೇಳುವಂತಿಲ್ಲ. ಕುರುಚಲು ಕಾಡು ಹೊಲವಾಯಿತು, ಹೊಲ ತೋಟವಾಯಿತು. ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಹಿಪ್ಪುನೇರಳೆ, ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಹಬ್ಬಿದವು. ನಂದಿಬೆಟ್ಟದಲ್ಲಿ ನೆಟ್ಟ ಮರಗಳಿಂದ ಬೆಳೆದು ಬಂದ ಮೈಸೂರು ಗಮ್ ಜಾತಿಯ ನೀಲಗಿರಿ, 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಅಂದಿನ ಕೋಲಾರ ಜಿಲ್ಲೆಯ ಸಾವಿರಾರು ಎಕರೆ ರಾಗಿಯ ಹೊಲಗಳನ್ನೂ ಹುಲ್ಲುಗಾವಲುಗಳನ್ನೂ ಆಕ್ರಮಿಸಿತು. ನೀಲಗಿರಿಯ ತೋಪಿನಡಿ ಹುಲ್ಲೂ ಬೆಳೆಯದು, ಕೌಜುಗವೂ ಗೂಡು ಕಟ್ಟದು. ಬೇಟೆ ನಿಂತುದಕ್ಕೆ ಪ್ರಾಣಿಗಳ ನೆಲೆಯೇ ಕುಗ್ಗಿದ್ದು ಕಾಯಿದೆಯಷ್ಟೇ ಬಲವಾದ ಕಾರಣ. ರಕ್ಷಣೆಯ ಕಾಯಿದೆಯಿಲ್ಲದಿದ್ದರೆ ಕೃಷ್ಣಮೃಗದ ಹಿಂಡು ಮೈದನಹಳ್ಳಿಯಲ್ಲಿಯೂ ಉಳಿಯುತ್ತಿರಲಿಲ್ಲ ಎಂಬುದನ್ನೂ ಇದರ ಜೊತೆಗೇ ಒಪ್ಪಬೇಕು. ಹೊಲಕ್ಕೆ ನುಗ್ಗುವ ಹಂದಿಯಿಂದ ಬೆಳೆ ಕಳೆದುಕೊಳ್ಳುವ ರೈತನಿಗೆ ಮಾತ್ರ ಈ ಮಾತು ಸುಲಭವಾಗಿ ರುಚಿಸುವುದಿಲ್ಲ. ಅವನ ಪೂರ್ವಿಕರಿಗೆ ಅದೇ ಹಂದಿ ಕಲ್ಲು ತಂದುಕೊಟ್ಟಿತ್ತು.

ಇಂದು ಹೊಸತೊಡಕಿನ ಬೆಳಗ್ಗೆ ಬೆಟ್ಟದ ಕಡೆಗೆ ಹೊರಡುವವರಿಲ್ಲ. ಅದರ ಬದಲು ಹತ್ತಿಪ್ಪತ್ತು ಮನೆಯವರು ಮೊದಲೇ ಹಣ ಕೂಡಿಸಿ, ಸಂತೆಯಿಂದ ಮೇಕೆಯನ್ನೋ ಟಗರನ್ನೋ ತಂದು, ನಸುಕಿನಲ್ಲೇ ಊರ ಹೊರಗಿನ ಮರದಡಿ ಕಡಿಯುತ್ತಾರೆ. ತಕ್ಕಡಿಯಲ್ಲಿ ತೂಗುವುದಿಲ್ಲ. ಎಲೆಗಳನ್ನು ಹಾಸಿ, ಮೂಳೆ, ಖಂಡ, ಈಲಿ, ಕರುಳುಗಳನ್ನು ಸಮನಾಗಿ ಹಂಚಿ ಗುಡ್ಡೆ ಹಾಕುತ್ತಾರೆ. ಗುಡ್ಡೆಬಾಡು ಎಂದೇ ಅದರ ಹೆಸರು. ಹಂಚಿದವನು ಕೊನೆಯ ಗುಡ್ಡೆಯನ್ನು ಎತ್ತಿಕೊಂಡು ಮನೆಗೆ ಹೋಗುವ ಹೊತ್ತಿಗೆ ಮನೆಯಲ್ಲಿ ಮಸಾಲೆ ಅರೆದಾಗಿರುತ್ತದೆ.